ಹೊಸ್ತಿಲಲ್ಲಿ ಕಾದವರು

1993ನೆಯ ಇಸವಿ ಡಿಸೆಂಬರ್ 10ರಂದು ‘ಡೂಮ್’ ಎಂಬ ಆಟವನ್ನು ಲೋಕಕ್ಕೆ ಒಪ್ಪಿಸಲೆಂದು ಇಡ್ ಸಾಫ್ಟ್‌ವೇರ್ ಸಂಸ್ಥೆಯವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ, ಕಡತಗಳನ್ನು ಹಂಚುವ ಎಫ್‌ಟಿಪಿ ಸರ್ವರಿಗೆ ಬಂದಾಗ, ಕಡತಕ್ಕಾಗಿ ಕಾದು ನಿಂತವರಿಂದಲೇ ಸರ್ವರು ತುಂಬಿಹೋಗಿ, ಅದನ್ನು ತಂದವರಿಗೇ ಒಳಗೆ ಪ್ರವೇಶ ದೊರೆಯದೆ ಹೋಯಿತು. ಮದುವೆಯ ಮನೆಯಲ್ಲಿ ಊಟಕ್ಕೆ ನೆರೆದವರ ನೂಕುನುಗ್ಗಲು ಅಡಿಗೆಯವನನ್ನೇ ಹೊರಗೆ ನಿಲ್ಲಿಸಿದಂತಾಯಿತು. ಬಡಿಸುವುದಕ್ಕೂ ಉಣ್ಣುವುದಕ್ಕೂ ಒಂದೇ ಬಾಗಿಲಾದರೆ ಒದಗುವ ಪೇಚಾಟಕ್ಕೆ ಈ ಪ್ರಸಂಗವು ಮುನ್ನುಡಿಯಂತಿತ್ತು. ಮುಂದೆ ಸಮುದಾಯದ ಆಟದ ಸರ್ವರುಗಳನ್ನು ನಡೆಸಿದವರೆಲ್ಲರೂ ರೂಪಾಂತರದಲ್ಲಿ ಎದುರಿಸಿದುದು ಇದೇ ತೊಡಕನ್ನು.

ಆಟಗಾರರ ಮಾತಿನಲ್ಲಿ ಮ್ಯಾಪ್ ಎಂದರೆ ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟವಲ್ಲ. ಗೋಡೆ, ಓಣಿ, ಮೆಟ್ಟಿಲು, ಬೆಳಕು, ನೆರಳುಗಳೊಡನೆ ಆಟಕ್ಕೆ ಆಧಾರವಾಗಿ ನಿಲ್ಲುವ ರಂಗಸ್ಥಳವೇ ಅದು. ಡೂಮ್‌ನ ನಿರ್ಮಾತೃಗಳು ಈ ರಂಗಸ್ಥಳಗಳನ್ನು ಆಟವನ್ನು ನಡೆಸುವ ಎಂಜಿನ್ನಿನೊಳಗೆ ಹುದುಗಿಸಿಬಿಡದೆ ವ್ಯಾಡ್ ಎಂಬ ಪ್ರತ್ಯೇಕ ಕಡತದಲ್ಲಿ ಇರಿಸಿದುದರಿಂದ, ಹೊರಗಿನವರೂ ತಮ್ಮ ಕಲ್ಪನೆಗೆ ತೋಚಿದ ಮ್ಯಾಪುಗಳನ್ನು ರಚಿಸುವುದು ಸಾಧ್ಯವಾಯಿತು; 1994ರ ಆರಂಭದಲ್ಲಿಯೇ ಉತ್ಸಾಹಿಗಳು ಡಿಇಯು ಎಂಬ ಸಾಧನವನ್ನು ಈ ಉದ್ದೇಶಕ್ಕಾಗಿ ನಿರ್ಮಿಸಿ ಹಂಚಿದರು. ಆದರೆ ಇಬ್ಬರು ಕೂಡಿ ಆಡಬೇಕಾದರೆ ಇಬ್ಬರಲ್ಲಿಯೂ ಒಂದೇ ಕಡತವಿರಬೇಕು. ಅದನ್ನು ಸಂಪಾದಿಸುವ ಹೊಣೆ ಪೂರ್ತಿಯಾಗಿ ಆಟಗಾರನದು. ವಾಲ್‌ನಟ್ ಕ್ರೀಕ್ ಸಂಸ್ಥೆಯ ಎಫ್‌ಟಿಪಿ ಭಂಡಾರದಿಂದಲೋ, ಅಂಗಡಿಯಲ್ಲಿ ಕೊಂಡ ಸಿಡಿಯಿಂದಲೋ, ಗೆಳೆಯನ ಫ್ಲಾಪಿಯಿಂದಲೋ ಬುತ್ತಿಯನ್ನು ಕಟ್ಟಿಕೊಂಡು ಬಂದವನಿಗೆ ಮಾತ್ರ ಪಂಕ್ತಿಯಲ್ಲಿ ಎಡೆ.

1996ರ ಜೂನ್ ತಿಂಗಳಿನಲ್ಲಿ ಹೊರಬಂದ ‘ಕ್ವೇಕ್’ ಆಟವು ಸರ್ವರೊಂದನ್ನು ನಡುವೆ ನಿಲ್ಲಿಸಿ ಆಟಗಾರರನ್ನು ಅದರ ಸುತ್ತ ಕೂಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೋಡೆಮ್ ಬಳಸುವವರ ಅನುಕೂಲಕ್ಕಾಗಿ ರೂಪುಗೊಂಡ ‘ಕ್ವೇಕ್‌ವರ್ಲ್ಡ್’, ಬಂದವನ ಬಳಿ ಮ್ಯಾಪ್ ಇಲ್ಲದಿದ್ದರೆ ಸರ್ವರೇ ಅದನ್ನು ಕಳುಹಿಸಿಕೊಡುವ ಪದ್ಧತಿಯನ್ನು ರೂಢಿಗೆ ತಂದಿತು. ಬರಿಗೈಯಲ್ಲಿ ಬಂದವನಿಗೂ ಎಲೆ ಹಾಕುವ ಈ ಆತಿಥ್ಯವು ಉದಾರವಾದುದೇ ಸರಿ. ಆದರೆ ಅದರ ಬಡಿಸುವ ಕ್ರಮ ಮಾತ್ರ ಬಹು ನಿಧಾನವಾದುದು. ಸರ್ವರು ಕಡತವನ್ನು 768 ಬೈಟುಗಳ ತುಣುಕುಗಳನ್ನಾಗಿ ಒಡೆದು ಒಂದನ್ನು ಕಳುಹಿಸುವುದು, ಅದು ತಲಪಿದ ಮೇಲೆ ಆಟಗಾರನ ಯಂತ್ರವು ಮುಂದಿನದನ್ನು ಕೇಳುವುದು, ಆ ಕೋರಿಕೆ ಸರ್ವರನ್ನು ಮುಟ್ಟಿದ ತರುವಾಯವೇ ಎರಡನೆಯ ತುಣುಕು ಹೊರಡುವುದು. ಒಂದು ತುತ್ತು ನುಂಗಿದುದಾಗಿ ಉಣ್ಣುವವನು ತಿಳಿಸುವವರೆಗೂ ಮತ್ತೊಂದನ್ನು ಬಡಿಸಬಾರದೆಂಬ ನಿಯಮವಿದು. ಹೋಗಿಬರುವ ಪ್ರಯಾಣಕ್ಕೆ 200 ಮಿಲಿಸೆಕೆಂಡುಗಳು ಹಿಡಿದರೆ ಸೆಕೆಂಡಿಗೆ ಐದು ತುಣುಕುಗಳು, ಎಂದರೆ ನಾಲ್ಕು ಕಿಲೋಬೈಟಿಗೂ ಕಡಮೆ. ಒಂದು ಮೆಗಾಬೈಟಿನ ಮ್ಯಾಪ್ ಬಂದು ಸೇರಲು ನಾಲ್ಕೂವರೆ ನಿಮಿಷ. ಸೋಜಿಗವೆಂದರೆ, ತಂತಿಯನ್ನು ಎಷ್ಟೇ ಅಗಲಗೊಳಿಸಿದರೂ ಈ ಲೆಕ್ಕ ಬದಲಾಗುತ್ತಿರಲಿಲ್ಲ; ತಡೆಯಿದ್ದುದು ದಾರಿಯ ಅಗಲದಲ್ಲಲ್ಲ, ಅದರ ದೂರದಲ್ಲಿ.

1998ರ ನವೆಂಬರಿನಲ್ಲಿ ವಾಲ್ವ್ ಸಂಸ್ಥೆಯ ‘ಹಾಫ್-ಲೈಫ್’ ಬಂದಿತು. ಅದರ ಎಂಜಿನ್ ಕ್ವೇಕ್‌ನ ವಂಶದ್ದೇ. ಮರುವರ್ಷ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಆ ಆಟದ ಮೇಲೆ ಕಟ್ಟಿದ ‘ಕೌಂಟರ್-ಸ್ಟ್ರೈಕ್’ ಮನೆಮಾತಾದಾಗ, ಹವ್ಯಾಸಿಗಳು ರಚಿಸಿದ ಮ್ಯಾಪುಗಳ ಸಂಖ್ಯೆ ಎಣಿಕೆಗೆ ಮೀರಿ ಬೆಳೆಯಿತು. ಮ್ಯಾಪ್ ಒಂದೇ ಬಂದರೆ ಸಾಲದು. ಅದರ ಗೋಡೆಗಳಿಗೆ ಹೊದಿಸುವ ಚಿತ್ರಗಳು, ಮಾದರಿಗಳು, ಧ್ವನಿಗಳು ಇವೆಲ್ಲವೂ ಬೇಕು. ಇವುಗಳ ಪಟ್ಟಿಯನ್ನು ಮ್ಯಾಪಿನದೇ ಹೆಸರುಳ್ಳ ‘ರೆಸ್’ ಕಡತದಲ್ಲಿ ಬರೆದಿಡುವುದು ಸರ್ವರ್ ನಡೆಸುವ ಅಡ್ಮಿನ್‌ನ ಕೆಲಸ. ಪಟ್ಟಿಯಲ್ಲಿ ಅತ್ಯಗತ್ಯವಾದ ಒಂದು ಹೆಸರು ತಪ್ಪಿದರೂ, ಹತ್ತು ನಿಮಿಷ ಕಾದು ಕುಳಿತ ಆಟಗಾರನು ಕೊನೆಗೆ ಒಳಗೆ ಕಾಲಿಡಲಾರದೆ ಹಿಂದಿರುಗಬೇಕಾಗುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದ ಸಂಕಟವೊಂದಿತ್ತು. ಆಟವೆಂಬುದು ಅತಿ ಸಣ್ಣ ಸಂದೇಶಗಳ ಅವಿಚ್ಛಿನ್ನ ಪ್ರವಾಹ; ಅಲ್ಲಿ ಒಂದು ಕ್ಷಣದ ವಿಳಂಬವೂ ಆಡುವವನ ಗುರಿಯನ್ನು ಕೆಡಿಸುತ್ತದೆ. ಮ್ಯಾಪಿನ ರವಾನೆಯಾದರೋ ಭಾರವಾದ ಹೊರೆಯ ಸಾಗಾಟ. ಈ ಎರಡನ್ನೂ ಒಂದೇ ಹಾದಿಯಲ್ಲಿ ಬಿಟ್ಟರೆ ಹೊಸಬನಿಗೆ ಮಾಡಿದ ಉಪಚಾರವು ಆಡುತ್ತಿರುವವನಿಗೆ ಅಪಚಾರವಾಗುವುದು. ಬಿಡದಿದ್ದರೆ ಹೊಸ ಮ್ಯಾಪ್ ಬಂದ ಕೂಡಲೆ ಅರ್ಧ ಮಂದಿ ಎದ್ದುಹೋಗಿ ಸಭೆಯೇ ಬರಿದಾಗುವುದು. ಆದುದರಿಂದ ರವಾನೆಯ ವೇಗಕ್ಕೆ ಮಿತಿ ಹಾಕಿದವರೂ ಉಂಟು, ಅದನ್ನು ಮುಚ್ಚಿಯೇ ಬಿಟ್ಟು ಹಳೆಯ ನಾಲ್ಕಾರು ಮ್ಯಾಪುಗಳಲ್ಲಿಯೇ ಕಾಲ ಕಳೆದವರೂ ಉಂಟು.

ಪರಿಹಾರವು ದೊರೆತುದು ಊಟದ ಮನೆಯನ್ನೂ ಉಗ್ರಾಣವನ್ನೂ ಬೇರೆ ಮಾಡಿದಾಗ. ವಾಲ್ವ್‌ನ ಆಟಗಳಲ್ಲಿ ‘ಎಸ್‌ವಿ ಡೌನ್‌ಲೋಡ್ ಯುಆರ್‌ಎಲ್’ ಎಂಬ ಆದೇಶವೊಂದು ಸೇರಿತು. ಅಡ್ಮಿನ್ ಅಲ್ಲಿ ಸಾಧಾರಣ ವೆಬ್ ಸರ್ವರೊಂದರ ವಿಳಾಸವನ್ನು ಬರೆದರೆ, ಆಟದ ಸರ್ವರು ಬಂದವನಿಗೆ ಆ ವಿಳಾಸವನ್ನು ಹೇಳಿ ಸುಮ್ಮನಾಗುವುದು, ಅವನ ಯಂತ್ರವು ತನಗೆ ಬೇಕಾದುದನ್ನು ಅಲ್ಲಿಂದ ತಂತಿಯ ಪೂರ್ಣ ವೇಗದಲ್ಲಿ ತಂದುಕೊಳ್ಳುವುದು. ಆಟಗಾರರು ಇದನ್ನು ‘ಫಾಸ್ಟ್ ಡಿಎಲ್’ ಎಂದು ಕರೆದರು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ನಮ್ಮ ಊರುಗಳಿಗೆ ಬಂದಾಗ ಅದರ ವೇಗ ಸೆಕೆಂಡಿಗೆ 256 ಕಿಲೋಬಿಟ್, ಎಂದರೆ ಹೆಚ್ಚೆಂದರೆ 32 ಕಿಲೋಬೈಟ್. ಸಮುದ್ರದಾಚೆಯ ಸರ್ವರಿನಿಂದ ತುಣುಕುತುಣುಕಾಗಿ ಬರುವ ಮ್ಯಾಪಿಗಾಗಿ ಕಾದವನಿಗೆ ಈ ಅಲ್ಪ ವೇಗವನ್ನಾದರೂ ಪೂರ್ತಿಯಾಗಿ ಉಪಯೋಗಿಸಿಕೊಳ್ಳುವುದು ಸಣ್ಣ ಭಾಗ್ಯವಾಗಿರಲಿಲ್ಲ.

ಉಗ್ರಾಣ ಬೇರೆಯಾದೊಡನೆ ಉಗ್ರಾಣಿಕನ ವಿದ್ಯೆಯೂ ಬೇರೆಯಾಯಿತು. ಆಟದೊಳಗಿನ ಫೋಲ್ಡರುಗಳ ಕ್ರಮವೇ ವೆಬ್ ಸರ್ವರಿನಲ್ಲಿಯೂ ಇರಬೇಕು. ಲಿನಕ್ಸ್ ಯಂತ್ರವು ದೊಡ್ಡಕ್ಷರ ಸಣ್ಣಕ್ಷರಗಳಲ್ಲಿ ಭೇದವೆಣಿಸುವುದರಿಂದ, ಹೆಸರಿನ ಒಂದಕ್ಷರ ತಪ್ಪಾದರೂ ಇದ್ದ ಕಡತವೇ ಇಲ್ಲವೆನಿಸುವುದು. ವಾಲ್ವ್‌ನ ಮುಂದಿನ ಎಂಜಿನ್ನಾದ ಸೋರ್ಸ್‌ನ ಕಾಲಕ್ಕೆ ಕಡತಗಳನ್ನು ಬಿಜಿಪ್2 ಕ್ರಮದಲ್ಲಿ ಕುಗ್ಗಿಸಿಡುವುದು ವಾಡಿಕೆಯಾಯಿತು. ಆಟಗಾರನ ಯಂತ್ರವು ಕುಗ್ಗಿದುದನ್ನು ಪಡೆದು ತಾನೇ ಬಿಚ್ಚಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದ ಶಿಸ್ತು ಹೆಸರಿನದು. ಮ್ಯಾಪನ್ನು ತಿದ್ದಿ ಹಳೆಯ ಹೆಸರಿನಲ್ಲಿಯೇ ಇರಿಸಿದರೆ, ಹಿಂದಿನ ಪ್ರತಿಯನ್ನುಳ್ಳವನಿಗೆ ಹೊಸದು ಇಳಿಯುವುದಿಲ್ಲ. ನಿನ್ನ ಮ್ಯಾಪ್ ಸರ್ವರಿನದಕ್ಕಿಂತ ಭಿನ್ನವಾಗಿದೆಯೆಂಬ ತಕರಾರಿನೊಡನೆ ಬಾಗಿಲು ಮುಚ್ಚುತ್ತದೆ. ಹಾಗಾಗದಿರಲೆಂದು ಪ್ರತಿ ತಿದ್ದುಪಡಿಗೂ ‘ಬಿ2’, ‘ವಿ3’ ಎಂದು ಬಾಲ ಸೇರಿಸುವ ರೂಢಿ ಬೆಳೆಯಿತು. ಓಲೆಗರಿಯ ಪಾಠಾಂತರಗಳನ್ನು ಗುರುತಿಸಿಡುವ ಸಂಪಾದಕನ ಎಚ್ಚರವೇ, ಯಾರೂ ಹೇಳಿಕೊಡದೆ, ಈ ಹವ್ಯಾಸಿಗಳಿಗೂ ಬಂದುಬಿಟ್ಟಿತ್ತು.

2011ರ ಅಕ್ಟೋಬರಿನಲ್ಲಿ ತೊಡಗಿದ, ಆಟಗಾರರ ರಚನೆಗಳನ್ನು ಹಂಚುವ ವಾಲ್ವ್‌ನ ಸ್ಟೀಮ್ ವರ್ಕ್‌ಶಾಪ್, 2013ರಲ್ಲಿ ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ ಆಟದ ಮ್ಯಾಪುಗಳಿಗೂ ತೆರೆದಾಗ, ಅಡ್ಮಿನ್ ಒಂದು ಸಂಖ್ಯೆಯನ್ನು ಬರೆದರೆ ಸಾಕು, ಮಿಕ್ಕುದೆಲ್ಲ ಸಂಸ್ಥೆಯ ಭಂಡಾರದಿಂದಲೇ ನಡೆಯುವುದೆಂಬಂತಾಯಿತು. ಕಾಯುವಿಕೆ ಕಡಮೆಯಾಯಿತು, ಅದರೊಡನೆ ಊರೂರಿನ ಉಗ್ರಾಣಗಳ ಕೀಲಿಕೈಯೂ ಒಂದೇ ಕೈ ಸೇರಿತು.

ಹಳೆಯ ಉಗ್ರಾಣಗಳು ಬಾಳಿಕೆ ಬಂದವೆಂದು ಹೇಳುವಂತಿಲ್ಲ. ಗುಂಪು ಚದುರಿ, ವೆಬ್ ಸರ್ವರಿನ ಬಾಡಿಗೆ ಕಟ್ಟುವವರಿಲ್ಲದೆ, ಮ್ಯಾಪುಗಳ ರಾಶಿಯೇ ಅಳಿದುಹೋದುದುಂಟು. ಆದರೆ ಆ ನಿಧಾನದ ಪದ್ಧತಿಯಲ್ಲಿ ಬಂದವನು ಉಂಡು ಹೋದುದಷ್ಟೇ ಅಲ್ಲ. ಒಮ್ಮೆ ಇಳಿದ ಕಡತವು ಅವನ ಯಂತ್ರದ ಡೌನ್‌ಲೋಡ್ ಫೋಲ್ಡರಿನಲ್ಲಿ, ಆಟ ಮುಗಿದು ವರ್ಷಗಳು ಕಳೆದರೂ, ಹಾಗೆಯೇ ಉಳಿಯುತ್ತಿತ್ತು. ಲುಪ್ತವಾದ ಮ್ಯಾಪೊಂದನ್ನು ಅರಸುವವನು ಇಂದು ಅದರ ಕರ್ತೃವನ್ನೂ ಸರ್ವರಿನ ಯಜಮಾನನನ್ನೂ ಕಾಣದೆ ಹೋದಾಗ, ಒಂದು ಸಂಜೆ ಅಲ್ಲಿ ಆಡಲು ಬಂದು, ಹೊಸ್ತಿಲಲ್ಲಿ ಹತ್ತು ನಿಮಿಷ ಬೇಸರಿಸದೆ ಕಾದಿದ್ದ ಯಾವನೋ ಅತಿಥಿಯ ಹಳೆಯ ಕಂಪ್ಯೂಟರಿನಲ್ಲಿ ಅದು ಅಕ್ಷತವಾಗಿ ದೊರೆಯುವುದುಂಟು.