ಪಿತೃಸ್ಮರಣೆಯೂ ಪರಿಚಾರಕರ ಶ್ರಮವೂ

ಮೈಸೂರು ಸೀಮೆಯ ದಕ್ಷಿಣದ ಅಂಚಿನಲ್ಲಿರುವ ಗುಂಡ್ಲುಪೇಟೆ, ಚಾಮರಾಜನಗರಗಳೆರಡೂ ಪಿತೃಸ್ಮರಣೆಯ ಊರುಗಳೆಂಬುದು ಗಮನಾರ್ಹವಾದ ಸಂಗತಿ. ಚಿಕ್ಕದೇವರಾಜ ಒಡೆಯರು (1673–1704) ತಮ್ಮ ತಂದೆಯವರು ಕಾಲವಾದ ಗುಂಡ್ಲುಪೇಟೆಯಲ್ಲಿ ಅವರ ಪುಣ್ಯಾರ್ಥವಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿ ಅಗ್ರಹಾರವನ್ನು ಸ್ಥಾಪಿಸಿದರು. ಅರಿಕುಠಾರವು ತಮ್ಮ ತಂದೆ ಚಾಮರಾಜ ಒಡೆಯರ ಜನ್ಮಸ್ಥಳವೆಂದು ತಿಳಿದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಸ್ಮರಣೆಯು ಕೇವಲ ಕಲ್ಲಿನಿಂದ ನಿಲ್ಲತಕ್ಕದ್ದಲ್ಲ. ನಿತ್ಯಸೇವೆಗೆ ಜನ ಬೇಕು. ಆ ಜನರಿಗೆ ಜೀವನೋಪಾಯ ಬೇಕು. ದತ್ತಿ, ಉಂಬಳಿಗಳ ಪದ್ಧತಿಗೆ ಇದೇ ಮೂಲ.

ತಂದೆಯ ನೆನಪನ್ನು ಮಗನು ಕಾಯುವುದು ಒಂದು ಬಗೆ. ತಂದೆಗೇ ನೆನಪು ಅಳಿದಾಗ ಆತನನ್ನು ಕಾಯುವುದು ಮತ್ತೊಂದು ಬಗೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯು ಈ ಅವಸ್ಥೆಯನ್ನು ವಯೋಧರ್ಮದ ಲೆಕ್ಕಕ್ಕೆ ಬರೆಯಿತು. ಇದೇ ನುಡಿಯನ್ನು ಹೆಸರಾಗುಳ್ಳ ಬೇಂದ್ರೆಯವರ ಕೃತಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆದರೆ ಇದರಲ್ಲಿ ರೋಗವೂ ಉಂಟೆಂಬುದನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರಲ್ಲಿ ಮೆದುಳಿನ ಪರೀಕ್ಷೆಯಿಂದ ತೋರಿಸಿದ್ದನು. ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ನೂರಕ್ಕೆ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಮರೆಗುಳಿ ರೋಗಕ್ಕೆ ಒಳಗಾಗಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು.

ಈ ಶುಶ್ರೂಷೆಯು ಬಹುಕಾಲ ಹೆಂಡತಿ, ಸೊಸೆ, ಮಗಳ ಪಾಲಿನದಾಗಿತ್ತು. ಸಂಸಾರಗಳು ಚಿಕ್ಕವಾದಂತೆ ಅದರ ಒಂದು ಭಾಗವು ಸಂಬಳದ ಕೈಗಳಿಗೆ ಬಂದಿತು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಇಂಥ ರೋಗಿಗಳಿಗಾಗಿಯೇ ವಸತಿಕೇಂದ್ರವನ್ನು ತೆರೆಯಿತು. ಶುಶ್ರೂಷಾಗೃಹದ ಪರಿಚಾರಕಿಯ ಕೆಲಸವು ಮೈದಣಿವಿನಲ್ಲಿ ಮುಗಿಯತಕ್ಕದ್ದಲ್ಲ. ರೋಗಿಯು ರಾತ್ರಿ ನಿದ್ರಿಸನು. ಒಂದೇ ಪ್ರಶ್ನೆಯನ್ನು ಹತ್ತಾರು ಸಲ ಕೇಳುವನು. ಸ್ನಾನಕ್ಕೆ ಕರೆದರೆ ಕೈಯೆತ್ತುವನು. ತಾನೇ ಎತ್ತಿಟ್ಟ ವಸ್ತುವನ್ನು ಆಕೆ ಕದ್ದಳೆನ್ನುವನು. ಆಕೆ ಮರುನುಡಿಯುವಂತಿಲ್ಲ. ವರ್ಷಗಟ್ಟಲೆ ಉಣಿಸಿದ ಮುದುಕನು ಕಾಲವಾದರೆ ಸೂತಕವು ಬಂಧುಗಳಿಗೆ. ಆಕೆಗೆ ಮರುದಿನವೇ ಅದೇ ಹಾಸಿಗೆಯಲ್ಲಿ ಇನ್ನೊಬ್ಬ ರೋಗಿ.

ವಿದ್ವಾಂಸರು ಈ ಎರಡು ಭಾರಗಳನ್ನು ಬೇರೆ ಬೇರೆಯಾಗಿ ಅಳೆದಿರುವರು. ಝರಿಟ್ ಮೊದಲಾದವರು 1980ರಲ್ಲಿ ರಚಿಸಿದ ಪ್ರಶ್ನಾವಳಿಯು ಬಂಧುಗಳ ಹೊರೆಯನ್ನು ಕುರಿತದ್ದು. 1981ರ ಮಾಸ್ಲಾಕ್ ಮಾಪನವು ಸೇವಾವೃತ್ತಿಯವರ ಬಳಲಿಕೆಯನ್ನು ಕುರಿತದ್ದು. ಎರಡನೆಯದರಲ್ಲಿ ಮೂರು ಅಂಶಗಳುಂಟು: ಮನಸ್ಸು ಬರಿದಾಗುವುದು, ರೋಗಿಯನ್ನು ವಸ್ತುವಿನಂತೆ ಕಾಣತೊಡಗುವುದು, ತನ್ನ ಕೆಲಸಕ್ಕೆ ಬೆಲೆಯಿಲ್ಲವೆನಿಸುವುದು. ಆದಕಾರಣ ಪರಿಚಾರಕರ ಬಳಲಿಕೆಯು ಕಡೆಗೆ ರೋಗಿಯ ಮೇಲೆಯೇ ಬೀಳುವುದು.

ಕಾನೂನು ಕೂಡ ಅರ್ಧದಾರಿ ಬಂದಿದೆ. 2007ರ ಹಿರಿಯ ನಾಗರಿಕರ ಕಾಯಿದೆಯು ಪೋಷಣೆಯ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತು. ನಿರ್ಗತಿಕ ವೃದ್ಧರಿಗಾಗಿ ಜಿಲ್ಲೆಗೊಂದರಂತೆ, 150 ಮಂದಿಗೆ ಸಾಲುವ ವೃದ್ಧಾಶ್ರಮವನ್ನು ಸೂಚಿಸಿತು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಾಮರಾಜನಗರಕ್ಕೂ ಇದು ಅನ್ವಯಿಸತಕ್ಕದ್ದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯೊಡನೆ ವಾಸಿಸಿ ಆರೈಕೆ ಮಾಡುವವರನ್ನು, ಸಂಬಳ ಪಡೆಯುವವರನ್ನೂ ಸೇರಿಸಿಯೇ, ನಿರೂಪಿಸಿತು. ಹೆಸರು ದೊರೆತದ್ದು ಅಲ್ಪ ಲಾಭವಲ್ಲ. ಆದರೆ ವಿಶ್ರಾಂತಿ, ಸರದಿ, ತರಬೇತಿ, ಯೋಗ್ಯ ವೇತನಗಳಿಲ್ಲದೆ ಹೆಸರೊಂದರಿಂದ ಸೇವೆ ನಡೆಯದು. ಗತಿಸಿದ ತಂದೆಯ ಸೇವೆಗೆ ನಿಂತವರ ಜೀವನಕ್ಕೆ ಅರಸರು ಏರ್ಪಾಡು ಮಾಡಿದ್ದರು. ಬದುಕಿರುವ ತಂದೆಯ ಸೇವೆಗೆ ನಿಂತವರಿಗೆ ಅಷ್ಟಾದರೂ ಸಲ್ಲಬೇಕಾದುದು ನ್ಯಾಯ.