ಬುಡದ ಗಂಟಿನಿಂದ ಬಿಟಿ ಬೀಜದವರೆಗೆ

ಬಂದ್ಯೋಡಿನ ನಮಗೆ ಅಡಿಕೆಯ ಹಳದಿ ರೋಗ ಅಂದ್ರೆ ಭಯ. ಅದರ ಹಿಂದಿರುವ ಫೈಟೋಪ್ಲಾಸ್ಮಾವೂ ಒಂದು ಬಗೆಯ ಬ್ಯಾಕ್ಟೀರಿಯವೇ. ಆದರೆ ನಾನು ಹೇಳಹೊರಟಿರುವುದು ಅದರ ದೂರದ ನೆಂಟ ಆಗ್ರೋಬ್ಯಾಕ್ಟೀರಿಯಂ ಬಗ್ಗೆ. ಗಿಡದ ಬುಡದಲ್ಲಿ ಗಂಟು ಬರಿಸುವುದು ಇದೇ ಎಂದು ಸ್ಮಿತ್ ಮತ್ತು ಟೌನ್‌ಸೆಂಡ್ 1907ರಲ್ಲಿ ತೋರಿಸಿದರು. ಅದು ತನ್ನ ಡಿಎನ್‌ಎ ತುಣುಕನ್ನು ಗಿಡದ ಕೋಶದೊಳಗೆ ಸೇರಿಸುತ್ತದೆಂದು 1977ರಲ್ಲಿ ಖಚಿತವಾಯಿತು. ಗಂಟಿನ ಜೀನ್ ತೆಗೆದು ಬೇಕಾದ ಜೀನ್ ಇಟ್ಟರೆ ರೋಗಾಣುವೇ ವಾಹಕ. ಬಿಟಿ ಹತ್ತಿ ಬಂದದ್ದು ಹೀಗೆ.

1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ರಾಯಚೂರು ಜಿಲ್ಲೆಯಲ್ಲಿ ಅದರ ಪ್ರಯೋಗದ ಬೆಳೆಯನ್ನು ಸುಟ್ಟಿತು. 2002ರಲ್ಲಿ ಸರ್ಕಾರ ಅನುಮತಿ ಕೊಟ್ಟಿತು. ಬೀಜ ಯಾರದ್ದು ಅನ್ನುವ ಚಳವಳಿಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ನಾಳೆ ಹಳದಿ ರೋಗ ತಡೆಯುವ ಇಂಥದೇ ಅಡಿಕೆ ಸಸಿ ಬಂದರೆ, ನಮ್ಮ ತೋಟದಲ್ಲೂ ನಾವು ಅದನ್ನೇ ಕೇಳಬೇಕಾದೀತು.