ಊರು ಬಿಟ್ಟ ಹುಡುಗ, ಪಂಚೆ ಉಟ್ಟ ಸ್ಪೈಡರ್‌ಮ್ಯಾನ್

ಹಿಂದೆ ಲಾರಿ ಹಾರ್ನ್ ಕೇಳಿಸ್ತಿದ್ರೆ ಕ್ಷಮಿಸಿ. ನಾನು ರೆಕಾರ್ಡ್ ಮಾಡ್ತಿರೋದು ಮಾಕಳಿಯಿಂದ, ತುಮಕೂರು ರಸ್ತೆ ರಾತ್ರಿ ಹನ್ನೊಂದಾದ್ರೂ ಮಲಗಲ್ಲ. ಇವತ್ತಿನ ಕಥೆ ಹಳ್ಳಿಯಿಂದ ಮುಂಬೈಗೆ ಹೋದ ಒಬ್ಬ ಹುಡುಗನದ್ದು. ಹೆಸರು ಪವಿತ್ರ್ ಪ್ರಭಾಕರ್. ಮಾಡೋ ಕೆಲಸ, ಸ್ಪೈಡರ್‌ಮ್ಯಾನ್!

ಮೂಲ ಸ್ಪೈಡರ್‌ಮ್ಯಾನ್ 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಆ ಪೀಟರ್ ಪಾರ್ಕರ್ ನ್ಯೂಯಾರ್ಕ್ ಹುಡುಗ. ಮಾರ್ವೆಲ್ ಕಾಮಿಕ್ಸ್‌ಗಳನ್ನು ಭಾರತದಲ್ಲಿ ಮಾರುತ್ತಿದ್ದ ಗೋಥಮ್ ಕಂಪನಿ 2004ರಲ್ಲಿ ಅವನನ್ನು ಇಲ್ಲೇ ಮತ್ತೆ ಹುಟ್ಟಿಸಿತು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಜೀವನ್ ಕಾಂಗ್ ಸೇರಿ ಮಾಡಿದ 4 ಸಂಚಿಕೆಗಳ ಸರಣಿ ಇದು. ಚಿತ್ರ ಬರೆದ ಜೀವನ್ ಕಾಂಗ್ ನಮ್ಮ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ಕಲಾವಿದ. ಇದು ಅನುವಾದ ಅಲ್ಲ, ‘ಟ್ರಾನ್ಸ್‌ಕ್ರಿಯೇಷನ್’ ಅಂತ ಹೇಳಿಕೊಂಡರು. ಅಂದ್ರೆ ಕಥೆಯ ಎಲುಬು ಅದೇ, ಮೈ ಮಾತ್ರ ನಮ್ಮದು.

ಪವಿತ್ರ್‌ಗೆ ಅಪ್ಪ ಅಮ್ಮ ಇಲ್ಲ. ಮಾಯಾ ಆಂಟಿ, ಭೀಮ್ ಅಂಕಲ್ ಸಾಕಿದವರು. ಸ್ಕಾಲರ್‌ಶಿಪ್ ಸಿಕ್ಕಿ ಮೂರೂ ಜನ ಮುಂಬೈಗೆ ಬರ್ತಾರೆ. ಶಾಲೆಯಲ್ಲಿ ಹಳ್ಳಿ ಗಮಾರ ಅಂತ ಹುಡುಗರು ಕಾಡ್ತಾರೆ, ಅಟ್ಟಿಸಿಕೊಂಡು ಬರ್ತಾರೆ. ಹಾಗೆ ಓಡುವಾಗ ಸಿಕ್ಕ ಒಬ್ಬ ಯೋಗಿ ಅವನಿಗೆ ಜೇಡದ ಶಕ್ತಿ ಕೊಡ್ತಾನೆ. ಶಕ್ತಿ ಬಂದ ಹೊಸದರಲ್ಲಿ, ಕೆಲವರು ಒಬ್ಬ ಹೆಂಗಸಿನ ಮೇಲೆ ಬಿದ್ದಾಗ ಅವನು ನನಗ್ಯಾಕೆ ಅಂತ ಹೋಗಿಬಿಡ್ತಾನೆ. ಅವಳನ್ನು ಉಳಿಸೋಕೆ ಹೋದ ಭೀಮ್ ಅಂಕಲ್ ಇರಿತಕ್ಕೆ ಬಲಿಯಾಗ್ತಾರೆ. ಅಲ್ಲಿಂದ ಅವನು ಹೀರೋ ಆಗ್ತಾನೆ. ಆದ್ರೆ ಆ ಡ್ರೆಸ್ ನೋಡಿ: ಮೇಲೆ ಜೇಡರ ಬಲೆ, ಕೆಳಗೆ ಪಂಚೆ. ಊರಿನ ಬಟ್ಟೆಯನ್ನ ಅವನು ಬಿಚ್ಚಿ ಎಸೆಯಲಿಲ್ಲ.

ನನಗೆ ತಾಗಿದ್ದು ಈ ಪಂಚೆ. ನಮ್ಮಪ್ಪನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿ, ಶಿರಾ ಕಡೆಯ ಹಳ್ಳಿಯಿಂದ ನಾವು ಮಾಕಳಿಗೆ ಬಂದಾಗ ನನಗೆ 13 ವರ್ಷ. ಹೊಸ ಶಾಲೆಯಲ್ಲಿ ‘ಹಾಲು’ ಅನ್ನೋಕೆ ‘ಆಲು’ ಅಂದೆ. ಇಡೀ ಬೆಂಚು ನಕ್ಕಿತು. ಆ ವರ್ಷ ಹಾಜರಿ ಕೂಗಿದಾಗ ಬಿಟ್ರೆ ನಾನು ಬಾಯಿ ತೆಗೆದಿದ್ದೇ ಕಮ್ಮಿ. ಬಿಕಾಂ ಓದುವಾಗ ಅವೆನ್ಯೂ ರಸ್ತೆಯ ಫುಟ್‌ಪಾತಲ್ಲಿ ಪವಿತ್ರ್ ಸಿಕ್ಕಿದ. ಹಳೇ ಪ್ರತಿ, ಇಂಗ್ಲಿಷಿನಲ್ಲಿ. ನಿಂತಲ್ಲೇ ಅರ್ಧ ಓದಿಬಿಟ್ಟೆ.

ಈಗ ಇನ್ನೂ ಹಿಂದಕ್ಕೆ ಹೋಗೋಣ. ಕಾರ್ಕಳದಲ್ಲಿ 1929ರಲ್ಲಿ ಒಂದು ಮಗು ಹುಟ್ಟಿತು. ಎರಡನೇ ವಯಸ್ಸಿಗೇ ತಂದೆ ತಾಯಿ ಇಬ್ಬರೂ ಇಲ್ಲ. ಹನ್ನೆರಡಕ್ಕೆ ಆ ಹುಡುಗ ಮುಂಬೈಗೆ ಹೋಗಿ ಶಾಲೆ ಸೇರಿದ. ಅವರೇ ಅನಂತ ಪೈ, ಅಮರ ಚಿತ್ರಕಥೆಯ ‘ಅಂಕಲ್ ಪೈ’. ತಬ್ಬಲಿ ಹುಡುಗ, ದೂರದ ಮುಂಬೈ. ಪವಿತ್ರ್‌ನ ಕಥೆಯನ್ನ ನಿಜವಾಗಿ ಬದುಕಿದವರು!

ಇನ್ನೊಂದು ವಿಷಯ. ಅಮರ ಚಿತ್ರಕಥೆ ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರಲ್ಲಿ ಸಿಂಡರೆಲಾ ತರದ 10 ವಿದೇಶಿ ಕಥೆಗಳು ಕನ್ನಡದಲ್ಲಿ ಬಂದವು, ಚೆನ್ನಾಗಿ ಮಾರಾಟವೂ ಆದವು. ಅದಕ್ಕೇ ಇಂಗ್ಲಿಷ್ ಸರಣಿಯ ‘ಕೃಷ್ಣ’ ಪುಸ್ತಕದ ನಂಬರ್ 1 ಅಲ್ಲ, 11. ಪೈ ಅವರು ಅಲ್ಲಿಂದ ಮುಂದೆ ನಮ್ಮ ಪುರಾಣ, ಇತಿಹಾಸ ತುಂಬಿದರು.

ಕಾಮರ್ಸ್ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. 1965ರಲ್ಲಿ ಕಥೆ ಹೊರಗಿನದು, ಮಾತು ಕನ್ನಡ. 2004ರಲ್ಲಿ ಹುಡುಗ ನಮ್ಮವನ ತರ, ಚಿತ್ರ ಬರೆದದ್ದು ಬೆಂಗಳೂರಲ್ಲಿ, ಆದ್ರೆ ನನ್ನ ಕೈಗೆ ಸಿಕ್ಕಾಗ ಅವನಾಡಿದ್ದು ಇಂಗ್ಲಿಷ್. ಅವನು ಕನ್ನಡದಲ್ಲಿ ಮಾತಾಡಿದ್ದನ್ನ ನಾನು ಕೇಳಿದ್ದು 2023ರಲ್ಲಿ, ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಸಿನಿಮಾ ಕನ್ನಡಕ್ಕೂ ಡಬ್ ಆಗಿ ಬಂದಾಗ. ಖುಷಿಯಾಯ್ತು. ಆದ್ರೂ ಅದು ಪುಸ್ತಕದ ಕನ್ನಡ, ‘ಹ’ಕಾರ ಎಲ್ಲಾ ಸರಿಯಾಗಿತ್ತು.

ಮಾಕಳಿಯ ಬಾಡಿಗೆ ಮನೆಗಳಲ್ಲಿ ಇವತ್ತೂ ಪವಿತ್ರ್‌ಗಳಿದ್ದಾರೆ. ರಾಯಚೂರಿಂದ, ಕಲಬುರಗಿಯಿಂದ, ಬಿಹಾರದಿಂದ ಬಂದ ಅಪ್ಪ ಅಮ್ಮಂದಿರ ಹಿಂದೆ ಬಂದವರು. ಅವರ ಮಾತಿಗೆ ಯಾವುದೋ ಬೆಂಚು ನಗ್ತಿರುತ್ತೆ. ಯೋಗಿ ಅಂತೂ ಬರಲ್ಲ. ಮೀರಾ ಜೈನ್ ಅಂತ ಒಬ್ಬಳು ಹುಡುಗಿ ಆ ಕಾಮಿಕ್‌ನಲ್ಲಿದ್ದಾಳೆ, ಎಲ್ಲರೂ ನಗುವಾಗ ಪವಿತ್ರ್ ಜೊತೆ ಮಾತಾಡಿದವಳು. ಅದಕ್ಕೆ ಜೇಡದ ಶಕ್ತಿ ಬೇಕಿಲ್ಲ.

ಎಪಿಸೋಡ್ ಎಡಿಟ್ ಮಾಡುವಾಗ ನಾನು ಇವತ್ತಿಗೂ ನನ್ನ ‘ಹ’ ಹುಡುಕಿ ಹುಡುಕಿ ಸರಿ ಮಾಡ್ತೀನಿ. ಈ ಸಲ ಮಾಡಿಲ್ಲ. ಎಲ್ಲೋ ಒಂದು ಕಡೆ ‘ಅಳ್ಳಿ’ ಅಂದಿದ್ದೀನಿ, ಕೇಳಿಸ್ಕೊಂಡಿರ್ತೀರಿ. ಅದು ಹಾಗೇ ಇರಲಿ. ಮುಂದಿನ ವಾರ ಸಿಗೋಣ.